ಗುಂಡಮ್ಮನ ಸೋಮವಾರ

ಗುಂಡಮ್ಮನಿಗೆ ಮೇಮ್‌ಸಾಬಳಿಂದ ಒಂದು ಬಾಕಿ ಬರಬೇಕಿತ್ತು. ದುಡ್ಡಲ್ಲ, ಒಂದು ಸೋಮವಾರ.

ಯೆಣೆಗೂರಿನ ಕುರುಬರ ಹೆಣ್ಣುಮಗಳು ಆಕೆ. ಗಂಡ ಸತ್ತ ಮೇಲೆ ಅಣ್ಣ ಅಮೋಘಸಿದ್ಧನ ಮನೆಯಲ್ಲಿ ಹಂಗಿನ ರೊಟ್ಟಿ ತಿನ್ನಲಾರದೆ, ನಿಜಾಮನ ಸರಹದ್ದು ದಾಟಿ ಇಂಗ್ರೇಜರ ಸೊಲ್ಲಾಪುರಕ್ಕೆ ನಡೆದುಹೋದಳು. ಅಲ್ಲಿ ಗಿರಣಿ ಇಂಜಿನಿಯರ್ ಸಾಹೇಬನ ಮಗುವಿಗೆ ಆಯಾ ಆದಳು. ಕಣ್ಣು ಬಿಟ್ಟಾಗಿನಿಂದ ಮುಚ್ಚುವ ತನಕ ದುಡಿತ. ವಾರವಿಲ್ಲ, ಹಬ್ಬವಿಲ್ಲ. ಮೊದಲ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚೆ ಸಾಹೇಬನ ಕುಟುಂಬ ರಜೆಗೆ ವಿಲಾಯತಿಗೆ ಹೊರಟು, ನೀನೂ ಬಾ ಎಂದಿತು. ಗುಂಡಮ್ಮ ಅಲ್ಲೇ ಕರಾರು ಹಾಕಿದಳು.

“ಬರ್ತೀನ್ರೀ ಬಾಯಿಸಾಬ. ಆದ್ರ ಒಂದು ಮಾತು. ನಮ್ಮೂರಾಗ ಸೋಮವಾರ ಎತ್ತಿನ ಹೆಗಲಿಗಿ ನೊಗ ಇಡೂದಿಲ್ಲ. ನಿಮ್ಮನಿಗಿ ಬಂದಾಗಿಂದ ನನ್ನ ನೊಗ ಇಳಿದೇ ಇಲ್ಲ.”

ಮೇಮ್‌ಸಾಬ ನಕ್ಕಳು. ಸಮುದ್ರದ ದಂಡೆಗೆ ಹೋದಾಗ ಒಂದು ಸೋಮವಾರ ಪೂರ್ತಿ ನಿನ್ನದು ಎಂದು ಮಾತು ಕೊಟ್ಟಳು.

ವಿಲಾಯತಿಯಿಂದ ಕುಟುಂಬ ಬೇಸಿಗೆ ಕಳೆಯಲು ಹೊರಟಾಗ, ಪಕ್ಕದ ಹಾಲಂಡ್ ದೇಶದ ಕಡಲದಂಡೆಯ ಒಂದು ಮೀನುಗಾರರ ಊರಲ್ಲಿ ಬಿಡಾರ ಬಿತ್ತು. ಒಂದು ಸೋಮವಾರ ಮಗುವಿಗೆ ಜ್ವರ. ಇನ್ನೊಂದು ಸೋಮವಾರ ಮನೆಗೆ ನೆಂಟರು. ಮರುದಿನ ಊರು ಬಿಡುವುದು ಎಂಬಂಥ ಸೋಮವಾರ ಗುಂಡಮ್ಮ ಮಗುವನ್ನು ಎತ್ತಿ ತಾಯಿಯ ಪಕ್ಕ ಮಲಗಿಸಿ, ಕಂಬಳಿ ಹೊದ್ದು, “ಇವತ್ತು ಸೋಮವಾರ್ರೀ” ಎಂದು ಹೊರಬಿದ್ದಳು.

ಚಪ್ಪಟೆ ಹೊಟ್ಟೆಯ ದೋಣಿಗಳು ಎಮ್ಮೆಗಳ ಹಾಗೆ ಮರಳಲ್ಲಿ ಬಿದ್ದುಕೊಂಡಿದ್ದವು. ಗಂಡಸರು, ಹೆಂಗಸರು, ಕೂಸುಗಳು, ಎಲ್ಲರ ಕಾಲಲ್ಲೂ ಕಟ್ಟಿಗೆಯ ಜೋಡು. ಮಠದ ಅಯ್ಯನೊಬ್ಬನೇ ಮೆಟ್ಟುವ ಹಾವುಗೆಯನ್ನು ಇಲ್ಲಿ ಊರಿಗೆ ಊರೇ ಮೆಟ್ಟಿತ್ತು. ಯಾರ ಕಾಲಿಗೆ ಬೀಳುವುದು ಎಂದು ಗುಂಡಮ್ಮ ಒಬ್ಬಳೇ ನಕ್ಕಳು.

ಮರಳುದಿಬ್ಬದ ಆಚೆ ಹುಲ್ಲಿನ ಮೇಲೆ ಉದ್ದಕ್ಕೆ ಬಲೆ ಹಾಸಿತ್ತು. ಬಿಳಿ ಟೊಪ್ಪಿಗೆಯ ಹೆಂಗಸರು ಸುತ್ತ ಕೂತು ಹರಿದಲ್ಲಿ ಹೆಣೆಯುತ್ತಿದ್ದರು. ಗುಂಡಮ್ಮನ ಜೀವ ಹಿಗ್ಗಿತು. ರಾತ್ರಿ ಹೊಲದಲ್ಲಿ ಕುರಿ ತರುಬಲು ತನ್ನವರು ಸುತ್ತಲೂ ಕಟ್ಟುವುದು ಇಂಥದೇ ಬಲೆ.

“ಕುರಿ ಎಲ್ಲಿ ಅದಾವವಾ?”

ಯಾರಿಗೂ ತಿಳಿಯಲಿಲ್ಲ. ಆಕೆ ಬ್ಯಾ ಎಂದು ಕೂಗಿ ತೋರಿಸಿದಳು. ಅವರಲ್ಲಿ ಹಿರಿಯಳಾದ ದಪ್ಪ ಮುದುಕಿ ಅದಕ್ಕಿಂತ ಜೋರಾಗಿ ಬ್ಯಾ ಎಂದಳು, ಜಾಗ ಬಿಟ್ಟಳು, ಬಲೆ ಹೆಣೆಯುವ ಸೂಜಿ ಕೈಗಿತ್ತಳು.

ಗುಂಡಮ್ಮ ತನಗೆ ಗೊತ್ತಿದ್ದಂತೆ, ಕುರಿಬಲೆಯ ಹಾಗೆ ದೊಡ್ಡ ಕಣ್ಣು ಹಾಕಿ ಹೆಣೆದಳು. ಮುದುಕಿ ಆ ಕಣ್ಣುಗಳೊಳಗೆ ಮುಷ್ಟಿ ತೂರಿಸಿ, ಮೀನಿನಂತೆ ಕೈ ಹೊರಳಿಸಿ, ಆ ಕಡೆಯಿಂದ ಪಾರಾಗಿ ಹೋದಂತೆ ಟಾಟಾ ಮಾಡಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು.

“ನಮ್ಮ ಮೀನಿಗಿ ನಾಕು ಕಾಲು ಅದಾವ, ತಾಯಿ,” ಎಂದಳು ಗುಂಡಮ್ಮ. ಮುದುಕಿ ಅಷ್ಟನ್ನೂ ಬಿಚ್ಚಿ, ಸಣ್ಣ ಕಣ್ಣು ಹಾಕುವುದನ್ನು ಕಲಿಸಿದಳು. ಮಧ್ಯಾಹ್ನ ರೊಟ್ಟಿಯ ಜೊತೆ ಹೊಗೆ ಹಾಕಿದ ಮೀನು ಕೊಟ್ಟಳು. ಗುಂಡಮ್ಮ ಸೆರಗಿನ ಗಂಟು ಬಿಚ್ಚಿ ಸೊಲ್ಲಾಪುರದ ಶೇಂಗಾಹಿಂಡಿ, ಖಾರದ ಚಟ್ನಿಪುಡಿ, ಕೊಟ್ಟಳು. ಮುದುಕಿಯ ಕಣ್ಣು ಮೂಗು ಎರಡೂ ಸುರಿದವು. ಆದರೂ ಮತ್ತೆ ಕೈ ಚಾಚಿದಳು.

ಅಷ್ಟರಲ್ಲಿ ಅಳುವ ಮಗುವನ್ನು ಎತ್ತಿಕೊಂಡು ಮೇಮ್‌ಸಾಬ ಬಂದಳು. “ಆಯಾ, ಇಧರ್ ಆವ್.” ಪರರ ಕೆಲಸ ಮಾಡುತ್ತ ಕೂತಿದ್ದೀಯಲ್ಲ, ಅದರ ಬದಲು ಮಗು ಹಿಡಿ ಎಂದಳು.

“ಇದು ಕೆಲಸ ಅಲ್ರೀ. ಸೋಮವಾರ ಎತ್ತು ಮೇಯ್ತದ. ಅದಕ್ಕ ಯಾರಾದ್ರೂ ಕೆಲಸ ಅಂತಾರೇನು?”

“ವಾಪಸಿನ ಟಿಕೀಟು ನನ್ನ ಹತ್ತಿರ ಇದೆ. ನೆನಪಿರಲಿ.”

ಬಿಟ್ಟುಹೋದರೆ ಈ ದೇಶದಲ್ಲಿ ಗುಂಡಮ್ಮನಿಗೆ ಯಾರು? ಆದರೂ ಏಳಲಿಲ್ಲ. “ಟಿಕೀಟು ನಿಮ್ಮದ್ರೀ. ಇವತ್ತಿನ ದಿನ ನಂದು.”

ಮುದುಕಿಗೆ ಒಂದು ಮಾತೂ ತಿಳಿದಿರಲಿಲ್ಲ, ಸಂಗತಿ ಮಾತ್ರ ಪೂರ್ತಿ ತಿಳಿದಿತ್ತು. ಬಲೆಯ ತುದಿ ಎಳೆದು ಮೇಮ್‌ಸಾಬಳ ಕಾಲಮೇಲೆ ಹಾಸಿ, ಇನ್ನೊಂದು ಸೂಜಿ ತೆಗೆದು ಅವಳ ಮುಂದೆ ಹಿಡಿದಳು. ಇಲ್ಲಿ ಬಂದವರು ಹೆಣೆಯಬೇಕು. ಮಗು ಅಳು ಮರೆತು ಬಲೆಯೊಳಗೆ ಬಿದ್ದು ಕೇಕೆ ಹಾಕಿತು. ಹೆಂಗಸರೆಲ್ಲ ನೋಡುತ್ತಿದ್ದರು. ಮೇಮ್‌ಸಾಬ ಕೆಂಪಗಾಗಿ, ಮಗುವನ್ನು ಬಿಡಿಸಿಕೊಂಡು, ತಾನೇ ಎತ್ತಿಕೊಂಡು ಹೋದಳು.

ಆ ದೇಶದಲ್ಲಿ ಬೇಸಿಗೆಯ ಹೊತ್ತು ಬೇಗ ಮುಳುಗುವುದಿಲ್ಲ. ಗುಂಡಮ್ಮನ ಸೋಮವಾರ ಯೆಣೆಗೂರಿನ ಸೋಮವಾರಕ್ಕಿಂತ ಉದ್ದವಾಗಿತ್ತು. ಕಡೆಯ ಬೆಳಕಿನ ತನಕ ಆಕೆ ಅಲ್ಲೇ ಕೂತಳು. ಟಿಕೀಟೂ ಸಿಕ್ಕಿತು. ಹಡಗಿನಲ್ಲಿ ಮಗುವನ್ನು ಹಿಡಿಯಲು ಮೇಮ್‌ಸಾಬಳಿಗೆ ಬೇರೆ ಯಾರಿದ್ದರು?

ಊರಿಗೆ ಬಂದಾಗ ಅಣ್ಣನ ಹೆಂಡತಿ ಬಂಡಮ್ಮ ಹಂಗಿಸಿದಳು. “ಏಳು ಸಮುದ್ರ ದಾಟಿ ಹೋದಾಕಿ ಬಲಿ ಹೆಣದು ಬಂದ್ಯಾ? ಅದಕ್ಕ ನಮ್ಮ ಹಟ್ಟಿ ಸಾಕಾಗ್ತಿತ್ತಲ್ಲ.”

“ಹಟ್ಟ್ಯಾಗ ಕುಂತ್ರ ನೀ ಎಬ್ಬಸ್ತಿದ್ದಿ, ವೈನಿ. ಅಲ್ಲಿ ಎಬ್ಬಸ್ಲಾಕ ಬಂದಾಕಿನೇ ವಾಪಸ್ ಹೋದಳು.”

ಬಂಡಮ್ಮ ನಕ್ಕಳು. ಮುಂದಿನ ಸೋಮವಾರ ತಾನೂ ಒಲೆ ಬಿಟ್ಟೆದ್ದು ನಾದಿನಿಯ ಪಕ್ಕ ಬೇವಿನ ನೆರಳಲ್ಲಿ ಕಾಲು ಚಾಚಿ ಕೂತಳು. ಅಮೋಘಸಿದ್ಧ ರೊಟ್ಟಿ ತಟ್ಟಿದ. ಸುಟ್ಟವು. ಎಲ್ಲರೂ ತಿಂದರು.

ಇದನ್ನು ಓದಿ ಮುಗುಳುನಗುತ್ತಿರುವವರೇ, ನಿಮ್ಮ ಮನೆಯ ಪಾತ್ರೆ ತಿಕ್ಕುವವಳ ಸೋಮವಾರ ಯಾವುದು? ಬರುವ ವಾರವೇ, ಪಗಾರ ಮುರಿಯದೆ, ಆ ದಿನ ಕೊಡಿ. ಅವಳು ಕೇಳಲಿ ಎಂದು ಕಾಯಬೇಡಿ.