ಡೆನ್ಮಾರ್ಕಿನ ವಕೀಲ

ಕಲಬುರಗಿ ಮಗ್ಗುಲಿನ ಶರಣಸಿರಸಗಿಯ ಹೊಸ ಲೇಔಟಿನಲ್ಲಿ ಅಮರನಾಥನ ಮನೆ ಯಾವುದೆಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಡೆನ್ಮಾರ್ಕ್ ಸರ್ ಮನೆ ಅಂದರೆ ಮಾತ್ರ ಪಂಕ್ಚರ್ ಅಂಗಡಿಯ ಬಂದೇನವಾಜ್ ಕೈಯಲ್ಲಿದ್ದ ಟ್ಯೂಬು ಕೆಳಗಿಟ್ಟು ದಾರಿ ತೋರಿಸುತ್ತಾನೆ.

ಖಾಸಗಿ ಕಾಲೇಜೊಂದರಲ್ಲಿ ಆಫೀಸ್ ಸೂಪರಿಂಟೆಂಡೆಂಟ್ ಆಗಿದ್ದ ಅಮರನಾಥ ಡೆನ್ಮಾರ್ಕನ್ನು ಕಂಡವನಲ್ಲ. ಸೊಲ್ಲಾಪುರ ದಾಟಿದ್ದೂ ಕಡಿಮೆಯೇ. ಆದರೆ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಆ ದೇಶದ ಪೌರತ್ವವನ್ನು ತನಗೆ ತಾನೇ ಕೊಟ್ಟುಕೊಂಡಿದ್ದ. ಕರೆಂಟು ಹೋದರೆ "ಅಲ್ಲಿ ಗಾಳಿಯಿಂದನೇ ಕರೆಂಟ್ ಮಾಡ್ತಾರ" ಎನ್ನುವನು. ಬಸ್ಸು ತಡವಾದರೆ "ಅಲ್ಲಿ ಮಂತ್ರಿಗಳೂ ಸೈಕಲ್ ಮ್ಯಾಲ ಹೋಗ್ತಾರ" ಎನ್ನುವನು. ಮನೆ ಮುಂದಿನ ಗಟಾರ ಕಟ್ಟಿಕೊಂಡು ಎರಡು ಮಳೆಗಾಲವಾಗಿತ್ತು. ಮೂಗು ಮುಚ್ಚಿಕೊಂಡು ಹಲಗೆ ದಾಟಿ ಬರುವ ನೆಂಟರಿಗೆ, ಡೆನ್ಮಾರ್ಕಿನ ಜನ ಬಂದರಿನ ನೀರಿನಲ್ಲೇ ಈಜುತ್ತಾರೆಂದು ವಿವರಿಸುತ್ತಿದ್ದ. ಗಟಾರದ ಬಗ್ಗೆ ಯಾರಿಗೂ ಒಂದು ಅರ್ಜಿ ಕೊಟ್ಟವನಲ್ಲ.

ಕಳೆದ ಫೆಬ್ರುವರಿಯಲ್ಲಿ ಅವನಿದ್ದಲ್ಲಿಗೇ ಡೆನ್ಮಾರ್ಕು ಬಂತು. ಇಂಗರ್ ಎಂಬ ಅಲ್ಲಿನ ನಿವೃತ್ತ ಶಾಲಾ ಶಿಕ್ಷಕಿ, ಹಳೆಯ ಕೋಟೆಗಳನ್ನು ನೋಡುತ್ತ ಊರೂರು ತಿರುಗುವಾಕೆ, ಯಾರದೋ ಪರಿಚಯ ಹಿಡಿದು ಕಾಲೇಜಿಗೆ ಬಂದಳು. ಪ್ರಾಂಶುಪಾಲರು ಅಮರನಾಥನನ್ನು ಕರೆದು, "ನಿಮ್ಮ ದೇಶದವ್ರು ಬಂದಾರ ನೋಡ್ರಿ, ಎರಡು ದಿವಸ ನೀವೇ ನೋಡ್ಕೊಳ್ರಿ" ಎಂದು ಕೈ ತೊಳೆದುಕೊಂಡರು.

ಅಮರನಾಥನಿಗೆ ಆನಂದ. ಇಲ್ಲಿಯದು ಬಾಳುವೆಯೇ ಅಲ್ಲ ಎಂದು ಡೆನ್ಮಾರ್ಕಿನವರ ಬಾಯಿಂದಲೇ ಹೇಳಿಸಬೇಕು, ಓಣಿಯ ಜನ ಅದನ್ನು ಕೇಳಬೇಕು. ಕೋಟೆ ತೋರಿಸಿದವನೇ ಸೀದಾ ಮನೆಗೆ ಕರೆತಂದ.

ಇಂಗರ್ ಗಟಾರದ ಹಲಗೆಯ ಮೇಲೆ ನಿಂತು "ಎಂಥ ಮುದ್ದಾದ ಪುಟ್ಟ ಸೇತುವೆ!" ಎಂದು ಇಂಗ್ಲಿಷಿನಲ್ಲಿ ಉದ್ಗರಿಸಿ ಫೋಟೊ ತೆಗೆದಳು. ಚಹಾ ಕುಡಿಯುವಾಗ ಕರೆಂಟು ಹೋಯಿತು. ಅಮರನಾಥನ ಹೆಂಡತಿ ಕಸ್ತೂರಿ ಒಂದು ಮೇಣದಬತ್ತಿ ಹಚ್ಚಿಟ್ಟಳು. "ಆಹಾ, ಎಷ್ಟು ಆಪ್ತ!" ಎಂದಳು ಇಂಗರ್. ಆಕೆಯನ್ನು ನೋಡಲು ಓಣಿಯ ಹೆಂಗಸರು ಒಳಗೆ ನುಗ್ಗಿದಾಗಲಂತೂ ಆಕೆಯ ಕಣ್ಣಲ್ಲಿ ನೀರೇ ಬಂತು. "ಅಲ್ಲಿ ನನ್ನ ಎದುರು ಮನೆಯವರ ಹೆಸರು ನನಗೆ ಇಂದಿಗೂ ಗೊತ್ತಿಲ್ಲ" ಎಂದಳು.

"ಅದನ್ನೇ ಖಾಸಗಿತನ ಅನ್ನುವುದು, ಮೇಡಂ!" ಅಮರನಾಥ ಇಂಗ್ಲಿಷಿನಲ್ಲೇ ತಿದ್ದಿದ. "ನಿಮ್ಮ ದೇಶದ ದೊಡ್ಡ ಗುಣ ಅದು."

"ಅದು ಒಂಟಿತನ."

"ನಿಮಗೆ ನಿಮ್ಮ ದೇಶ ಸರಿಯಾಗಿ ಗೊತ್ತಿಲ್ಲ" ಎಂದ ಅಮರನಾಥ. ಅಷ್ಟು ದೂರದಿಂದ ಬಂದವಳಿಗೆ ಆ ಮಾತನ್ನೂ ಕೇಳುವ ಯೋಗವಿತ್ತು.

ಮರುದಿನ ಕಸ್ತೂರಿಯ ತವರು, ಹತ್ತಿರದ ಕಮಲಾಪುರಕ್ಕೆ ಮೂವರೂ ಹೋದರು. ಆಕೆಯ ಅಪ್ಪ ನಾಗಣ್ಣ ಕೆಂಪು ಬಾಳೆ ಬೆಳೆಯುವವನು. ಇಂಗರ್ ಎಂಬ ಹೆಸರು ನಾಲಿಗೆಗೆ ಹೊರಳದೆ "ಬರ್ರಿ ಇಂಗಮ್ಮ" ಎಂದು ಕರೆದು ತೋಟದಲ್ಲಿ ಕೂರಿಸಿದ. ಆಕೆ ಹಣ್ಣನ್ನು ಚಾಕುವಿನಿಂದ ಬಿಲ್ಲೆಬಿಲ್ಲೆಯಾಗಿ ಕೊಯ್ದು ತಿನ್ನುವುದನ್ನು ನೋಡಿ ನಾಗಣ್ಣನಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನ ಫೋಟೊವೂ ಆಯಿತು.

"ನೀವು ಸುಖವಾಗಿದ್ದೀರಾ ಎಂದು ಕೇಳಿ" ಎಂದಳು ಇಂಗರ್. ಅಮರನಾಥ ಕೇಳಿದ.

ನಾಗಣ್ಣ ಅಳಿಯನ ಕಡೆ ಬಾಗಿ ದನಿ ತಗ್ಗಿಸಿದ. "ಹೌದಂದ್ರ ಸರಕಾರದ ಸ್ಕೀಮ್ ಸಿಗ್ತದೋ, ಇಲ್ಲಂದ್ರ ಸಿಗ್ತದೋ? ಮೊದಲ ಅದ ಹೇಳ್ರಿ."

"ಯೋಚಿಸುತ್ತಿದ್ದಾರೆ" ಎಂದು ಅಮರನಾಥ ಅನುವಾದಿಸಿದ. ಇಂಗರ್ ಗಂಭೀರವಾಗಿ ತಲೆದೂಗಿದಳು.

ಹೊರಡುವಾಗ ಆಕೆ ಬದುವಿನ ಮೇಲೆ ಜಾರಿ ಕಾಲು ಉಳುಕಿಸಿಕೊಂಡಳು. ಜೀಪು ಹಿಡಿದು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಗೆ ತಂದರು. ಬಿಳಿ ಮುಖ ಕಂಡದ್ದೇ ಡಾಕ್ಟರು ತಾವೇ ಎದ್ದು ಬಂದರು. ಎಕ್ಸ್‌ರೇ, ಪಟ್ಟಿ, ಚಹಾ ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ.

"ನನ್ನ ಮಂಡಿ ನೋವಿಗೆ ನಮ್ಮಲ್ಲಿ ತಿಂಗಳುಗಟ್ಟಲೆ ಕಾದಿದ್ದೆ" ಎಂದಳು ಇಂಗರ್. "ನೀವೇ ಪುಣ್ಯವಂತರು."

ಅಮರನಾಥನ ತಾಳ್ಮೆ ಹರಿಯಿತು. ಬಾಗಿಲ ಬಳಿ ನೆಲದ ಮೇಲೆ, ಊದಿದ ಕಾಲು ಚಾಚಿಕೊಂಡು ಮುದುಕಿಯೊಬ್ಬಳು ಕೂತಿದ್ದಳು. "ಆಕೆ ಬೆಳಗಿನಿಂದ ಕಾಯುತ್ತಿದ್ದಾಳಂತೆ. ಪುಣ್ಯದ ಬಗ್ಗೆ ಆಕೆಯನ್ನು ಕೇಳೋಣ!" ಎಂದು ಹತ್ತಿರ ಹೋಗಿ, "ಯಮನಮ್ಮಾ, ನಿಮ್ಮ ಪಾಳಿ ಇವ್ರು ತಗೊಂಡ್ರಲ್ಲ, ಏನಂತೀರಿ?" ಎಂದು ಕೇಳಿದ. ಹೆಸರು ಆಕೆಯ ಕೈಯಲ್ಲಿದ್ದ ಚೀಟಿಯಲ್ಲಿತ್ತು.

ಯಮನಮ್ಮ ಇಂಗರಳ ಪಟ್ಟಿ ನೋಡಿ ಲೊಚಗುಟ್ಟಿದಳು. "ಇರ್ಲಿ ಬಿಡ್ರೀ ಯಪ್ಪಾ. ಪಾಪ, ಪರದೇಶದಾಕಿ. ತನ್ನವ್ರು ಯಾರೂ ಇಲ್ಲ ಇಲ್ಲಿ."

ಅಮರನಾಥ ಪ್ರಾಮಾಣಿಕ ಮನುಷ್ಯ, ಹಾಗೆಯೇ ಅನುವಾದಿಸಿದ. ಇಂಗರ್ ಎರಡೂ ಕೈ ಎದೆಗೆ ಒತ್ತಿಕೊಂಡಳು. "ನೋಡಿದಿರಾ? ಇಂಥ ಜನ ನಮ್ಮಲ್ಲಿ ಎಲ್ಲಿದ್ದಾರೆ?"

ಡೆನ್ಮಾರ್ಕ್ ಮೇಲೋ ಕಲಬುರಗಿ ಮೇಲೋ ಎಂದು ಆಸ್ಪತ್ರೆಯ ವರಾಂಡದಲ್ಲೇ ಇಬ್ಬರಿಗೂ ಜೋರು ವಾದ ಹತ್ತಿತು. ಇಬ್ಬರೂ ಪರರ ದೇಶದ ಪರ. ಯಮನಮ್ಮ ಕೂತಲ್ಲೇ ಇದ್ದಳು. ಕಡೆಗೆ ಕಸ್ತೂರಿ ಆಕೆಯ ರಟ್ಟೆ ಹಿಡಿದು ಎಬ್ಬಿಸಿ, ಬಾಗಿಲು ತಳ್ಳಿ ಒಳಗೆ ಕರೆದೊಯ್ದಳು. "ಡಾಕ್ಟ್ರೇ, ಇಕಿ ನಮ್ಮತ್ತಿ. ಮೊದಲ ಈ ಕಾಲು ನೋಡ್ರಿ."

ಹೊರಬಂದವಳು ಗಂಡನಿಗೆ ಇಷ್ಟೇ ಹೇಳಿದಳು: "ನಿಮ್ಮಿಬ್ಬರ್ದು ಮುಗಿದ ಮ್ಯಾಲ ಹೇಳ್ರಿ, ಆಟೋ ಕರೀತೀನಿ."

ರೈಲು ಹತ್ತುವಾಗ ಇಂಗರ್, "ನೀವಿಬ್ಬರೂ ನಮ್ಮಲ್ಲಿಗೆ ಬನ್ನಿ, ಒಂದು ಚಳಿಗಾಲ ಇರಿ" ಎಂದಳು. ಅಮರನಾಥ ಬೆವರಿದ. "ಅಲ್ಲಿ ಮಧ್ಯಾಹ್ನಕ್ಕೇ ಕತ್ತಲಾಗುತ್ತದಂತಲ್ಲ ಮೇಡಂ, ನನಗೆ ಶೀತದ ಪ್ರಕೃತಿ…" ಎಂದು ತಡವರಿಸಿದ. ಕಸ್ತೂರಿ ಮುಖ ಆಚೆ ತಿರುಗಿಸಿ ನಕ್ಕಳು.

ವಾರದ ಮೇಲೆ ನಾಗಣ್ಣನ ನಗುವಿನ ಫೋಟೊ ಇಂಗರಳ ಜಾಲತಾಣದ ಪುಟದಲ್ಲಿ ಬಂತು. ಕೆಳಗೆ, 'ಏನೂ ಇಲ್ಲದ, ಏನೂ ಬೇಡದ ಸಂತ' ಎಂದು ಬರೆದಿದ್ದಳು. ಕಸ್ತೂರಿ ಫೋನಿನಲ್ಲಿ ಅದರ ಅರ್ಥ ಹೇಳಿದ ದಿನವೇ ನಾಗಣ್ಣ ಬಸ್ಸು ಹತ್ತಿ ಶರಣಸಿರಸಗಿಗೆ ಬಂದಿಳಿದ.

"ಏನೂ ಇಲ್ಲಂತ ಯಾರು ಹೇಳ್ಯಾರ ಆಕಿಗಿ? ಬೋರ್ ಅದ, ಟ್ರ್ಯಾಕ್ಟರ್ ಅದ, ಹೋದ ವರ್ಷ ಮನಿಗಿ ಸ್ಲ್ಯಾಬ್ ಹಾಕೀನಿ. ಏನೂ ಬ್ಯಾಡಂತ ಹ್ಯಾಂಗ ಅಂತಾಳ? ತೋಟಕ್ಕ ರಸ್ತಾ ಬೇಕಾಗ್ಯಾದ ನನಗ! ಬರೀರಿ ಅಳಿಯಂದ್ರೇ, ಇಂಗ್ಲಿಷಿನಾಗ ಬರೀರಿ."

ಅಮರನಾಥ ಕೂತು ಬರೆದ. ಬೋರಿನ ಆಳ, ಟ್ರ್ಯಾಕ್ಟರಿನ ಬಣ್ಣ, ಸ್ಲ್ಯಾಬು, ರಸ್ತೆಯ ಕೊರತೆ, ಒಂದನ್ನೂ ಬಿಡಲಿಲ್ಲ. ಕಮಲಾಪುರದ ಬಗ್ಗೆ ಅಷ್ಟು ಉದ್ದಕ್ಕೆ ಅವನು ಮಾತಾಡಿದ್ದೂ ಇರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಇಂಗರಳಿಂದ ಮೊಬೈಲಿಗೆ ಒಂದು ಕೆಂಪು ಹೃದಯದ ಗುರುತು ಬಂತು. ಮತ್ತೇನೂ ಇರಲಿಲ್ಲ.

ನಾಗಣ್ಣ ಕನ್ನಡಕ ಏರಿಸಿ ನೋಡಿದ. "ಹಾಂ, ಒಪ್ಕೊಂಡ್ಳು" ಎಂದು ಸಮಾಧಾನದಿಂದ ಊಟಕ್ಕೆ ಕೂತ.