ತೆರೆಗೆ ಹೋದ ತಂಗಿಯ ಮಾತು

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿನಿಮಾ ನಿರ್ದೇಶಕನಾಗಿ, ಗೋಕುಲಂನಲ್ಲಿ ಬಾಡಿಗೆ ಮನೆ ಹಿಡಿದು ಅದನ್ನೇ ಆಫೀಸು ಮಾಡಿಕೊಂಡಿದ್ದ. "ಮಿಸ್, ನಮ್ ಸ್ಕ್ರಿಪ್ಟ್ ಒಂದ್ಸಲ ನೋಡ್ಕೊಡಿ, ತಪ್ಪಿದ್ರೆ ತಿದ್ದಿ" ಎಂದು ಫೋನು ಮಾಡಿದಾಗ ಉಬ್ಬಿಹೋದೆ. ಒಂದು ಶನಿವಾರ ಶಾಲೆ ಮುಗಿಸಿಕೊಂಡು ಹೋದೆ.

ಅವನದು ಥ್ರಿಲ್ಲರ್. ನಾಯಕಿಯೊಳಗೆ ಇಬ್ಬರಿದ್ದಾರೆ. ಒಬ್ಬಳು ದೇವರಿಗೆ ಹೂ ಕಟ್ಟುತ್ತಾಳೆ, ಇನ್ನೊಬ್ಬಳು ಕತ್ತು ಕೊಯ್ಯುತ್ತಾಳೆ. ಮೊದಲನೆಯವಳಿಗೆ ಎರಡನೆಯವಳ ವಿಷಯವೇ ಗೊತ್ತಿಲ್ಲ. ಇಂಥವನ್ನು ನಾನೂ ಬೇಕಾದಷ್ಟು ನೋಡಿದ್ದೆ. ಕೊಲೆ ಮಾಡಿದ್ದು ಯಾರು ಎಂದು ಬರೆಯುವವನಿಗೇ ಹೊಳೆಯದಿದ್ದಾಗ ಕೈಗೆ ಸಿಗುವುದು ಈ ಕಾಯಿಲೆ. ನಟಿ ಕನ್ನಡಿಯ ಮುಂದೆ ಕತ್ತು ವಾಲಿಸಿ, ದನಿ ಬದಲಿಸಿ ನಕ್ಕರೆ ಕಥೆ ಮುಗಿಯಿತು.

"ಇದು ಹೀಗಿರಲ್ಲ ಕಣೋ" ಎಂದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅವನು ಕಾಫಿ ತರಿಸಿದ, ಎದುರಿಗೆ ಕೈಕಟ್ಟಿ ಕೂತು ಕೇಳಿಸಿಕೊಂಡ. ನಾನು ನನ್ನ ತಂಗಿಯ ವಿಷಯ ಹೇಳಿಬಿಟ್ಟೆ.

ತಂಗಿ ನನ್ನ ಜೊತೆ ಕೃಷ್ಣಮೂರ್ತಿಪುರಂನಲ್ಲಿ ಇದ್ದಾಳೆ. ಸೀರೆಗಳಿಗೆ ಫಾಲ್ಸ್ ಹೊಲಿಯುತ್ತಾಳೆ. ನಲವತ್ತು ದಾಟಿದೆ. ಕೆಲವು ದಿನ ಅವಳಿಗೆ ಮಧ್ಯಾಹ್ನ ಪೂರ್ತಿ ನೆನಪಿರುವುದಿಲ್ಲ, ಹೊಲಿದಿಟ್ಟ ಸೀರೆ ನೋಡಿ "ಇದ್ಯಾರು ಹೊಲಿದದ್ದು?" ಎನ್ನುತ್ತಾಳೆ. ಕೆಲವು ಸಲ ಯಾರನ್ನೂ ಹತ್ತಿರ ಸೇರಿಸದ ಗಡಸು ಹೆಂಗಸಾಗುತ್ತಾಳೆ. ಕೆಲವು ಸಲ ಏಳು ವರ್ಷದ ಹುಡುಗಿಯಾಗಿ, ಬೀರುವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಮುದುರಿ ಕೂತು, "ಅಕ್ಕಾ, ಬಾಗ್ಲು ಚಿಲ್ಕ ಹಾಕಿದ್ಯಾ?" ಎಂದು ಕೇಳುತ್ತಾಳೆ. ಹಾಕಿದ್ದೀನಿ ಎಂದರೆ ಮತ್ತೆ ಕೇಳುತ್ತಾಳೆ. ಅವಳಿಗೆ ನಿಜವಾಗಿ ಏಳು ವರ್ಷವಾಗಿದ್ದಾಗ ನಮ್ಮ ಮನೆಗೆ ನೆಂಟನೊಬ್ಬ ಬಂದುಹೋಗುತ್ತಿದ್ದ. ನಡುಮನೆಯಲ್ಲಿ ಕೂತು ನಾನು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಒಳಕೋಣೆಯಲ್ಲಿ ಏನು ನಡೆಯುತ್ತಿತ್ತೆಂದು ನನಗೆ ತಿಳಿದದ್ದು ಮೂವತ್ತು ವರ್ಷದ ಮೇಲೆ, ಡಾಕ್ಟರ ಎದುರಿಗೆ. ತಡೆಯಲಾರದ್ದನ್ನು ತಡೆದುಕೊಳ್ಳಲು ಮಗುವಿನ ಮನಸ್ಸು ತನ್ನನ್ನೇ ಹಂಚಿಕೊಂಡಿದೆ ಎಂದರು ಅವರು. ಇವಳು ಇವತ್ತಿನವರೆಗೆ ಜಿರಲೆಯನ್ನೂ ಕೊಂದವಳಲ್ಲ.

ಇಷ್ಟನ್ನೂ ಹೇಳಿದೆ. ಅವನ ಕಣ್ಣು ತುಂಬಿತ್ತು. ಒರೆಸಿಕೊಂಡು ಕೇಳಿದ: "ಮಿಸ್, ಅವ್ರು ಚೇಂಜ್ ಆಗೋದನ್ನ ಒಂದ್ಸಲ ನೋಡ್ಬೋದಾ? ದೂರದಿಂದಾನೇ. ನಮ್ ಹೀರೋಯಿನ್ನೂ ಕರ್ಕೊಂಡ್ ಬರ್ತೀನಿ."

ಮೃಗಾಲಯಕ್ಕೆ ಹೊರಟವನ ಹಾಗೆ ಕೇಳಿದ್ದ. ಕಾಫಿ ಅಲ್ಲೇ ಬಿಟ್ಟು ಎದ್ದು ಬಂದೆ.

ಮುಂದಿನ ವರ್ಷ ಸಿನಿಮಾ ಬಂತು. ತಂಗಿಗೆ ಹೇಳದೆ ಒಬ್ಬಳೇ ಹೋದೆ. ಮಧ್ಯಂತರ ಕಳೆದ ಮೇಲೆ ನಾಯಕಿ ಕುಡುಗೋಲು ಹಿಡಿದು ಮುದುಕನೊಬ್ಬನ ಹಾಸಿಗೆಯ ಪಕ್ಕ ನಿಂತಳು. ಕತ್ತು ವಾಲಿಸಿ, ಮಗುವಿನ ದನಿಯಲ್ಲಿ ಎಳೆದು ಹೇಳಿದಳು: "ಅಕ್ಕಾ... ಬಾಗ್ಲು ಚಿಲ್ಕ ಹಾಕಿದ್ಯಾ?"

ಥಿಯೇಟರಿನಲ್ಲಿ ಶಿಳ್ಳೆ ಬಿತ್ತು. ನನ್ನ ಪಕ್ಕದ ಹೆಂಗಸು ಪಾಪ್‌ಕಾರ್ನ್ ಬಾಯಿಗಿಟ್ಟುಕೊಂಡೇ "ಅಬ್ಬಾ, ಸಕತ್ತಾಗಿದೆ" ಎಂದಳು. ಇಂಥದೇ ಕಡೆ ಇಂಥದೇ ಸೀಟಿನಲ್ಲಿ ಹಿಂದೆ ನಾನೂ ಚಪ್ಪಾಳೆ ತಟ್ಟಿದ್ದೆ ಎನ್ನುವುದು ನೆನಪಾಗಿ ನನ್ನ ಮೇಲೇ ಹೇಸಿಗೆಯಾಯಿತು. ಆದರೂ ಎದ್ದು ಬರದೆ ಕೊನೆಯವರೆಗೂ ಕೂತೆ. ಕೃತಜ್ಞತೆಯ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಹಿಂದೆ 'ಗುರುಗಳು' ಎಂದು ಸೇರಿಸಿದ್ದ.

ಎರಡೇ ವಾರದಲ್ಲಿ ಆ ಮಾತು ಎಲ್ಲರ ಮೊಬೈಲಿನಲ್ಲೂ ಓಡಾಡಿತು. ನಮ್ಮ ಸ್ಟಾಫ್ ರೂಮಿನಲ್ಲಿ ಗಣಿತದ ಟೀಚರು ಬಾಗಿಲು ಹಾಕುತ್ತಾ ಅದನ್ನೇ ಅದೇ ರಾಗದಲ್ಲಿ ಅಂದರು. ಎಲ್ಲರೂ ನಕ್ಕರು. ನಾನು ಉತ್ತರಪತ್ರಿಕೆ ತಿದ್ದುತ್ತಾ ಕೂತೆ. ಅದೂ ಹೇಸಿಗೆಯೇ.

ಸಂಜೆ ಅವನಿಗೆ ಫೋನು ಮಾಡಿದೆ.

"ಮಿಸ್, ಅವ್ರ ಹೆಸ್ರು ಎಲ್ಲೂ ಹಾಕಿಲ್ವಲ್ಲ?" ಎಂದ. "ಜನಕ್ಕೆ ಎಷ್ಟು ಕನೆಕ್ಟ್ ಆಗಿದೆ ಗೊತ್ತಾ? ಇದ್ರಿಂದ ಅವೇರ್‌ನೆಸ್ ಬರುತ್ತೆ ಮಿಸ್."

"ಏನಂತ ಬರುತ್ತೆ? ಇಂಥವ್ರನ್ನ ಕಂಡ್ರೆ ಓಡಿ ಅಂತಾನಾ?"

"ಥ್ರಿಲ್ಲರ್ ಅಲ್ವಾ ಮಿಸ್..." ಎಂದು ಎಳೆದ. ಫೋನಿಟ್ಟೆ.

ಬೇರೆಯವರ ಬಾಯಿಂದ ಕೇಳುವುದಕ್ಕೆ ಮುಂಚೆ ತಂಗಿಗೆ ನಾನೇ ಹೇಳಬೇಕಿತ್ತು. ಭಾನುವಾರ ಬೆಳಿಗ್ಗೆ, ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಾಗ ಎಲ್ಲವನ್ನೂ ಹೇಳಿದೆ. ಕಾಫಿ, ಸ್ಕ್ರಿಪ್ಟು, ಶಿಳ್ಳೆ, ನನ್ನ ಹೆಸರು. ಅವಳು ಸೂಜಿಯನ್ನು ಸೀರೆಗೆ ಚುಚ್ಚಿಟ್ಟಳು.

"ಆ ಹುಡುಗಿ ಕೊಲೆ ಮಾಡ್ತಾಳಾ?"

"ಹೂಂ."

"ಎಷ್ಟು ಜನಾನ?"

"ಐದು."

"ಅವನನ್ನೂನಾ?"

ಯಾವ ನೆಂಟನ ವಿಷಯ ಕೇಳುತ್ತಿದ್ದಾಳೆಂದು ಇಬ್ಬರಿಗೂ ಗೊತ್ತಿತ್ತು. "ಇಲ್ಲ ಕಣೇ. ಸಿನಿಮಾದಲ್ಲಿ ಅವನು ಇಲ್ವೇ ಇಲ್ಲ. ಆ ಹುಡುಗಿಗೆ ಯಾಕೆ ಹೀಗಾಯ್ತು ಅಂತ ಅವ್ರು ಹೇಳೋದೇ ಇಲ್ಲ."

ಅವಳು ಚುಚ್ಚಿಟ್ಟ ಸೂಜಿಯನ್ನು ಕಿತ್ತು ಮತ್ತೆ ಅಲ್ಲೇ ಚುಚ್ಚಿದಳು. ಆಮೇಲೆ, "ಅವನನ್ನ ಬಿಟ್ಬುಟ್ರಾ?" ಎಂದಳು. "ಅವ್ರೂ ಬಿಟ್ಬುಟ್ರಾ?"

ಆ 'ಅವ್ರೂ' ನನಗೆ ತಟ್ಟಿತು. ಕ್ಷಮಿಸು ಎಂದೆ. ಅವಳು ತಲೆಯೆತ್ತಲಿಲ್ಲ. "ನೀನು ಹೇಳಿದ್ದು ನಿನ್ ಕಥೆ ಅಲ್ಲ ಅಕ್ಕ. ಇನ್ಮೇಲೆ ಡಾಕ್ಟ್ರ ಹತ್ರ ನಾನೊಬ್ಳೇ ಹೋಗ್ತೀನಿ" ಎಂದಷ್ಟೇ ಹೇಳಿದಳು.

ಸಿನಿಮಾ ಒಟಿಟಿಗೆ ಬಂದಾಗ ಕೃತಜ್ಞತೆಯ ಪಟ್ಟಿಯಿಂದ ನನ್ನ ಹೆಸರು ತೆಗೆದಿದ್ದ. ಮಾತನ್ನು ತೆಗೆದಿರಲಿಲ್ಲ. ಹೊಸ ಟೀಚರೊಬ್ಬರು ಒಂದು ದಿನ ಮತ್ತೆ ಅದನ್ನು ಅಣಕಿಸಿದಾಗ, ಅದು ಯಾರದೋ ನಿಜವಾದ ಭಯ, ದಯವಿಟ್ಟು ಆಡಬೇಡಿ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಯಾರದು ಎಂದು ಮಾತ್ರ ನಾನು ಹೇಳಲಿಲ್ಲ.

ಈಗ ತಂಗಿ ತಿಂಗಳಿಗೆರಡು ಸಲ ಸಿಟಿ ಬಸ್ಸಿನಲ್ಲಿ ಒಬ್ಬಳೇ ಡಾಕ್ಟರ ಹತ್ತಿರ ಹೋಗಿಬರುತ್ತಾಳೆ. ಬಂದ ಮೇಲೆ ಅನ್ನಕ್ಕಿಡುತ್ತಾಳೆ. ಒಳಗೆ ಏನು ಮಾತಾಯಿತೆಂದು ಅವಳು ಹೇಳುವುದಿಲ್ಲ, ನಾನು ಕೇಳುವುದಿಲ್ಲ.