ಹನ್ನೆರಡು ಕುಡಿಕೆ, ಹನ್ನೊಂದು ಸದ್ದು

ಬೆಳಗಿನ ಐದೂವರೆ. ಅಬುಧಾಬಿಯ ಕಡಲಂಚಿನ ಬಯಲು ರಂಗಮಂದಿರದಲ್ಲಿ ಐವತ್ತೊಂದರ ತಮ್ಮಣ್ಣ ಮೊಣಕಾಲೂರಿ, ಮಣ್ಣಿನ ಬಣ್ಣದ ರಬ್ಬರ್ ಕುಡಿಕೆಯೊಂದರ ಬುಡಕ್ಕೆ ವೈರ್ ಸಿಕ್ಕಿಸುತ್ತಿದ್ದಾರೆ. ಅಂಥ ಮದ್ದಿನ ಕುಡಿಕೆಗಳು ಒಟ್ಟು ಹನ್ನೆರಡು. ಹಿಂದೆ ಪ್ಲೈವುಡ್ಡಿನ ಜಪಾನಿ ಕೋಟೆ. ಏಳಕ್ಕೆ ಷೋ ಕೊಳ್ಳುವ ನಾಲ್ವರು ಹೋಟೆಲ್ ಮಾಲೀಕರು ತಾಲೀಮು ನೋಡಲು ಬರುತ್ತಾರೆ. ಅವರು ಒಪ್ಪಿದರೆ ನಿಂಜಾ ಷೋ ನಡೆಯುತ್ತದೆ. ಷೋ ನಡೆದರೆ ತಮ್ಮಣ್ಣನವರ ವೀಸಾ ಉಳಿಯುತ್ತದೆ.

ಪೋಸ್ಟರಿನಲ್ಲಿ ಕತ್ತಿ ಹಿಡಿದ ನಟ ಶಾನ್ ಇದ್ದಾನೆ. ಮದ್ದು ಸಿಡಿಸುವವರ ಹೆಸರಿಲ್ಲ.

“ನಿಂಜಾ ಅಂದ್ರ ಬರೇ ಕತ್ತಿ ಬೀಸೋರಲ್ರಿ. ಮದ್ದಿನ ಕುಡಿಕಿ ಒಗದು ಕ್ವಾಟಿಗೆ ಬೆಂಕಿ ಹಚ್ಚೋರು. ಮಂದಿ ಆರ್ಸಾಕ ಓಡಿದ್ರ ಇವರು ಒಳಗ ನುಗ್ಗೋರು. ಹೊಗಿ ಎಬ್ಬಿಸಿ ಪಾರಾಗೋರು. ಹೊಡಿಯೂದಕ್ಕಿಂತ ಹೆದರ್ಸೂದ ಜಾಸ್ತಿ,” ಎನ್ನುತ್ತಾರೆ ತಮ್ಮಣ್ಣ.

ಇಳಕಲ್ಲಿನ ಕಲ್ಲು ಕ್ವಾರಿಯಲ್ಲಿ ಹತ್ತೊಂಬತ್ತು ವರ್ಷ ಬಂಡೆ ಸಿಡಿಸಿದವರು. ಇಲ್ಲಿಗೆ ಬಂದು ಏಳು ವರ್ಷವಾಯಿತು. ದೂರದ ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಿಂದ ಇವತ್ತು ಮೂರಕ್ಕೇ ವ್ಯಾನ್ ಹತ್ತಿದ್ದಾರೆ. ಕ್ವಾರಿಯಿಂದ ತಂದದ್ದು ಎರಡು: ಸದ್ದು ಎಣಿಸುವ ಅಭ್ಯಾಸ ಮತ್ತು ಕೇಳದ ಎಡಗಿವಿ. “ಒಮ್ಮಿ ಗುಡ್ಡದ ಮಾರ್ದನೀನೂ ಒಂದು ಸದ್ದು ಅಂತ ಎಣಿಸಿ ಹತ್ತರ ಹೋದ್ನಿ. ಸಿಡೀದ ಉಳದಿದ್ದ ಮದ್ದು ಆಗ ಸಿಡೀತು.”

ಅಂದಿನಿಂದ ಅವರ ನಿಯಮ ಒಂದೇ. ಲೆಕ್ಕ ಕೂಡದಿದ್ದರೆ ಅರ್ಧ ಗಂಟೆ ಯಾರೂ ಹತ್ತಿರ ಹೋಗುವಂತಿಲ್ಲ. ಇನ್ನೊಬ್ಬರೂ ಎಣಿಸಲಿ ಎಂದು ಎರಡು ಸೀಸನ್ನಿನಿಂದ ಕೇಳುತ್ತಿದ್ದಾರೆ. ಯಾರೂ ಸಿಕ್ಕಿಲ್ಲ.

ಏಳಕ್ಕೆ ಮಾಲೀಕರು ಬಂದು ಕೂರುತ್ತಾರೆ. ಕುಡಿಕೆಗಳು ಒಂದೊಂದಾಗಿ ಸಿಡಿಯುತ್ತವೆ: ಬೆಳಕು, ಹೊಗೆ, ಸದ್ದು. ಶಾನ್ ಕೋಟೆಯಿಂದ ಜಿಗಿದು ಉರುಳಲು ಸಜ್ಜಾಗುತ್ತಾನೆ. ತಮ್ಮಣ್ಣ ಮದ್ದು ಸಿಡಿಸುವ ಸ್ವಿಚ್ಚಿನ ಕೀಲಿ ಕಿತ್ತು ಕಿಸೆಗೆ ಹಾಕಿಕೊಂಡು ಕೂಗುತ್ತಾರೆ: “ನಿಲ್ಲು! ಹನ್ನೊಂದು!”

ಷೋ ಮ್ಯಾನೇಜರ್, ಮಂಗಳೂರಿನ ಝಹೀರ್ ಓಡಿ ಬರುತ್ತಾರೆ. “ಎಂಥ ಮಾರಾಯ್ರೆ! ಎರಡು ಒಟ್ಟಿಗೆ ಸಿಡಿದಿರ್ಬೇಕು. ನಿಮ್ಮ ಒಂದು ಕಿವಿ ಮೊದಲೇ ಖಲಾಸ್. ಯಲ್ಲಾ, ಶುರು ಮಾಡಿ!”

“ಇನ್ನೊಂದು ಕಿವಿ ಐತಲ್ರಿ ಸಾಹೇಬ್ರ.”

“ನಿಮ್ಮ ವೀಸಾದ ಕಾಗದ ನನ್ನ ಮೇಜಿನ ಮೇಲುಂಟು, ಗೊತ್ತುಂಟಲ್ಲ?”

“ಗೊತ್ತೈತ್ರಿ. ಅರ್ಧ ತಾಸು.”

ಮಾಲೀಕರು ವಾಚು ನೋಡಿಕೊಳ್ಳುತ್ತಾರೆ. ಒಬ್ಬರು ಎದ್ದು ಹೋಗುತ್ತಾರೆ. ತಮ್ಮಣ್ಣ ಸ್ವಿಚ್ಚಿನ ಬಳಿಯಿಂದ ಕದಲುವುದಿಲ್ಲ. ಅರ್ಧ ಗಂಟೆ ಮುಗಿದ ಮೇಲೆ ಒಬ್ಬರೇ ಹೋಗಿ, ವೈರ್ ಕಳಚಿ, ಏಳನೆಯ ಕುಡಿಕೆ ತರುತ್ತಾರೆ. ಸಿಡಿದಿಲ್ಲ. ಕಡಲ ತೇವಕ್ಕೆ ವೈರಿನ ತುದಿ ಕಿಲುಬು ಹಿಡಿದಿದೆ. ಅದು ಇದ್ದದ್ದು ಶಾನ್ ಉರುಳಬೇಕಿದ್ದ ಜಾಗದಲ್ಲೇ. ಶಾನ್ ಕುಡಿಕೆಯನ್ನು ನೋಡಿ ಮುಖವಾಡ ತೆಗೆದು ಮೆಟ್ಟಿಲ ಮೇಲೆ ಕೂತುಬಿಡುತ್ತಾನೆ.

ಎಂಟೂಕಾಲಿಗೆ ಮತ್ತೆ ತಾಲೀಮು. ಉಳಿದ ಮಾಲೀಕರು ಒಪ್ಪುತ್ತಾರೋ ಇಲ್ಲವೋ ನಾಳೆ ತಿಳಿಯುತ್ತದೆ. ಕೊನೆಯ ಹೊಗೆ ಕರಗುವ ಮುನ್ನವೇ ಝಹೀರ್ ಬಲಗಡೆಯಿಂದ ಬಗ್ಗಿ ಹೇಳುತ್ತಾರೆ:

“ಹನ್ನೆರಡು. ಸರಿಯಲ್ವಾ?”

“ನಂದೂ ಹನ್ನೆರಡ್ರಿ,” ಎನ್ನುತ್ತಾರೆ ತಮ್ಮಣ್ಣ. “ಈಗ ಚಾ ಕುಡಿಯೂಣ.”